ಕೊಯ್ಲು ಮುಗಿದ ಮೇಲೂ ಕರಂಟ್ ಗಿಡಕ್ಕೆ ನೀರು ಬೇಕು

ಹಣ್ಣು ಬಿಡಿಸಿಕೊಂಡ ಮೇಲೆ ಕರಂಟ್ ಪೊದೆಯ ಕಡೆ ತಿರುಗಿ ನೋಡುವವರು ಕಡಿಮೆ. ಹೂ ಬಿಟ್ಟಾಗ, ಕಾಯಿ ಕಚ್ಚಿದಾಗ, ಗೊಂಚಲು ಬಣ್ಣಕ್ಕೆ ತಿರುಗುವಾಗ ತಪ್ಪದೆ ನೀರು ಹಾಕಿದವರೂ ಬುಟ್ಟಿ ತುಂಬಿದ ಮರುದಿನದಿಂದ ಪೈಪನ್ನು ತರಕಾರಿ ಮಡಿಗಳ ಕಡೆಗೆ ಹೊರಳಿಸಿಬಿಡುತ್ತಾರೆ. ಆದರೆ ಮುಂದಿನ ವರ್ಷದ ಹೂವಿನ ಮೊಗ್ಗುಗಳು ಗಿಡದೊಳಗೆ ರೂಪುಗೊಳ್ಳಲು ತೊಡಗುವುದು ಹಗಲು ಕಿರಿದಾಗುತ್ತ ಬರುವ ಬೇಸಿಗೆಯ ಈ ಉತ್ತರಾರ್ಧದಲ್ಲೇ. ಆದ್ದರಿಂದ ವರ್ಷದ ನೀರಿನಲ್ಲಿ ಯಾವುದನ್ನು ಬಿಟ್ಟರೂ ಕೊಯ್ಲಿನ ನಂತರದ ನೀರನ್ನು ಮಾತ್ರ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕರಂಟ್ ಚಳಿ ಪ್ರದೇಶದ ಗಿಡ. ಮನೆಯ ತೋಟಗಳಲ್ಲಿ ಸಾಮಾನ್ಯವಾಗಿ ಬೆಳೆಯುವ ಕಪ್ಪು ಕರಂಟ್ ಮತ್ತು ಕೆಂಪು ಕರಂಟ್ ಎರಡೂ ರೈಬಿಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಬಿಳಿ ಕರಂಟ್ ಎನ್ನುವುದು ಕೆಂಪು ಕರಂಟಿನದೇ ಬಣ್ಣಗೆಟ್ಟ ರೂಪ. ನೀರಿನ ಮಟ್ಟಿಗೆ ಇವುಗಳಲ್ಲಿ ಹೆಚ್ಚು ಬೇಡಿಕೆ ಇರುವುದು ಕಪ್ಪು ಕರಂಟಿನದು. ಅದರ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ 30ರಿಂದ 40 ಸೆಂಟಿಮೀಟರ್ ಪದರದಲ್ಲೇ ಹರಡಿಕೊಂಡಿರುತ್ತವೆ. ಬಿಸಿಲು ಮೊದಲು ಒಣಗಿಸುವುದೂ ಇದೇ ಪದರವನ್ನು. ಕೆಂಪು ಕರಂಟ್ ಬರವನ್ನು ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ಬುಡದಲ್ಲಿ ನೀರು ನಿಂತರೆ ಮಾತ್ರ ಬೇಗ ಸೊರಗುತ್ತದೆ.

ಒಂದು ಬೆಳೆದ ಪೊದೆಗೆ ಒಮ್ಮೆಗೆ 20ರಿಂದ 30 ಲೀಟರ್ ನೀರು ಹಿಡಿಯುತ್ತದೆ. ಈ ಅಳತೆಯನ್ನು ಮಳೆಯ ಲೆಕ್ಕಕ್ಕೆ ತಾಳೆ ಹಾಕುವುದು ಸುಲಭ: ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಅಂದರೆ 25 ಮಿಲಿಮೀಟರ್ ಮಳೆಯಾದ ವಾರದಲ್ಲಿ ಬಕೆಟ್ ಎತ್ತುವ ಅಗತ್ಯವಿಲ್ಲ, ಮೂರು ನಾಲ್ಕು ಮಿಲಿಮೀಟರ್ ತುಂತುರು ಬಿದ್ದ ವಾರದಲ್ಲಿ ನೀರು ಹಾಕದೆ ವಿಧಿಯಿಲ್ಲ. ಇಂತಹ ತುಂತುರು ಮಳೆಯನ್ನು ನಂಬಬಾರದು. ದಟ್ಟವಾದ ಪೊದೆಯ ಎಲೆಗಳೇ ಅದರ ಬಹುಭಾಗವನ್ನು ತಡೆದು, ಅಂಗಳವೆಲ್ಲ ಒದ್ದೆಯಾಗಿ ಕಂಡರೂ ಗಿಡದ ಬುಡದ ಮಣ್ಣು ಒಣಗಿಯೇ ಇರುತ್ತದೆ.

ನೀರು ಬೇಕೋ ಬೇಡವೋ ಎಂದು ತಿಳಿಯಲು ನಾನು ಮೇಲಿನ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಪೊದೆಯ ನೆರಳಿನ ಅಂಚಿನಲ್ಲಿ ಕೈ ಕುರ್ಪಿಯಿಂದ ಒಂದು ಗೇಣು ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕಿ ನೋಡುತ್ತೇನೆ. ಕೈ ಬಿಚ್ಚಿದಾಗ ಮಣ್ಣು ಉಂಡೆಯಾಗಿ ನಿಂತು, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬಿರಿದರೆ ಹದ ಸರಿಯಾಗಿದೆ. ಉಂಡೆ ಕಟ್ಟದೆ ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿದರೆ ಅಂದೇ ನೀರು ಕೊಡಬೇಕು. ಅಂಗೈಗೆ ಕೆಸರು ಮೆತ್ತಿ ಹೊಳೆಯುವಂತಿದ್ದರೆ ಕೆಲವು ದಿನ ಕಾಯುವುದು ಒಳ್ಳೆಯದು. ಎಲೆ ಬಾಡುವವರೆಗೆ ಕಾದು ನೀರು ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಎಲೆ ಜೋತುಬೀಳುವ ಹೊತ್ತಿಗೆ ಕಾಯಿಯ ಬೆಳವಣಿಗೆ ಆಗಲೇ ಕುಂಟಿರುತ್ತದೆ.

ನೀರು ಕೊಡುವ ರೀತಿಯೂ ಅಷ್ಟೇ ಮುಖ್ಯ. ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲಿನ ಎರಡು ಬೆರಳಿನಷ್ಟು ಮಣ್ಣು ಮಾತ್ರ ತೇವವಾಗಿ, ಬೇರುಗಳು ಇನ್ನೂ ಮೇಲಕ್ಕೆ ಬರುವ ಅಭ್ಯಾಸ ಮಾಡಿಕೊಳ್ಳುತ್ತವೆ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ನೆಲ ಆಳದವರೆಗೆ ನೆನೆಯುವಂತೆ ನಿಧಾನವಾಗಿ ಕೊಡುವುದು ಮೇಲು. ಮರಳು ಮಣ್ಣಾದರೆ ನೀರು ಬೇಗ ಕೆಳಗಿಳಿದುಹೋಗುವುದರಿಂದ ಪ್ರಮಾಣವನ್ನು ಕಡಿಮೆ ಮಾಡಿ ಅಂತರವನ್ನೂ ಕಡಿಮೆ ಮಾಡಬೇಕು. ಜೇಡಿಮಣ್ಣಾದರೆ ಒಂದೇ ಸಲ ಸುರಿಯದೆ, ಮೊದಲ ಬಕೆಟ್ ಇಂಗಿದ ಮೇಲೆ ಎರಡನೆಯದನ್ನು ಹಾಕಬೇಕು. ಪಾತಿ ಮಾಡುವಾಗ ಬುಡದ ಸುತ್ತ ಅಗೆಯುವುದು ಬೇಡ, ಏಕೆಂದರೆ ಮೇಲ್ಪದರದಲ್ಲಿರುವ ಎಳೆಬೇರುಗಳು ಗುದ್ದಲಿಗೆ ಸಿಕ್ಕಿ ಕತ್ತರಿಸಿಹೋಗುತ್ತವೆ. ಬೇರೆಡೆಯ ಮಣ್ಣನ್ನು ತಂದು, ರೆಂಬೆಗಳ ತುದಿ ನೆಲದ ಮೇಲೆ ಎಲ್ಲಿಗೆ ಬರುತ್ತದೋ ಅಲ್ಲಿ ಸುತ್ತಲೂ ತಗ್ಗಾದ ಬದು ಕಟ್ಟಿದರೆ ನೀರು ಹರಿದುಹೋಗದೆ ಒಳಗೇ ಇಂಗುತ್ತದೆ. ಹನಿ ನೀರಾವರಿಯ ಪೈಪ್ ಇದ್ದರೆ ಅದನ್ನು ಕಾಂಡಕ್ಕೆ ತಾಗಿಸದೆ ಇದೇ ವರ್ತುಲದಲ್ಲಿ ಸುತ್ತಿಸಬೇಕು.

ಎಲೆಗಳ ಮೇಲೆ ನೀರು ಎರಚುವುದನ್ನು ನಾನು ಸಂಪೂರ್ಣ ನಿಲ್ಲಿಸಿದ್ದೇನೆ. ಹೂವಿನ ಕಾಲದಲ್ಲಿ ಅದರಿಂದ ಜೇನುನೊಣಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ. ಉಳಿದ ಕಾಲದಲ್ಲಿ ರಾತ್ರಿಯೆಲ್ಲ ಒದ್ದೆಯಾಗಿರುವ ಎಲೆಗಳ ಮೇಲೆ ಎಲೆಚುಕ್ಕೆ ರೋಗ ಬೇಗ ಹರಡುತ್ತದೆ. ಬೂದಿ ರೋಗದ ಸ್ವಭಾವ ಬೇರೆ. ಬೇರು ಒಣಗಿ ಸೊರಗಿದ ಗಿಡವನ್ನು ಅದು ಸುಲಭವಾಗಿ ಹಿಡಿಯುವುದರಿಂದ, ಬುಡಕ್ಕೆ ಸಾಕಷ್ಟು ನೀರು ಕೊಡುವುದು ಆ ರೋಗದ ವಿರುದ್ಧವೂ ಒಂದು ರಕ್ಷಣೆ.

ಋತುವಿನ ಮೊದಲರ್ಧದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೂ ಉದುರಿ ಹೀಚು ಕಚ್ಚುವಾಗ ನೆಲ ಒಣಗಿದ್ದರೆ ಗೊಂಚಲಿನ ತುದಿಯ ಹೀಚುಗಳು ಉದುರುತ್ತವೆ, ಉಳಿದವು ಸಣ್ಣದಾಗುತ್ತವೆ. ಹಣ್ಣು ಬಣ್ಣಕ್ಕೆ ತಿರುಗಿದ ಮೇಲೆ ಮಾತ್ರ ಕೈ ಹಿಡಿಯಬೇಕು: ಬಹಳ ದಿನ ಒಣಗಿಸಿ ಒಮ್ಮೆಲೇ ಸುರಿದರೆ ತುಂಬಿದ ಹಣ್ಣಿನ ಸಿಪ್ಪೆ ಬಿರಿಯುತ್ತದೆ.

ಕೊಯ್ಲಿನ ನಂತರದ ನೀರಿಗೆ ನಾನು ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವೂ ಇದೆ. ಕಪ್ಪು ಕರಂಟ್ ಅತ್ಯುತ್ತಮ ಫಸಲು ಕೊಡುವುದು ಹಿಂದಿನ ವರ್ಷ ಬೆಳೆದ ರೆಂಬೆಗಳ ಮೇಲೆ. ಹಣ್ಣು ಬಿಟ್ಟು ಮುಗಿಸಿದ ಹಳೆಯ ರೆಂಬೆಗಳನ್ನು ಬುಡದಲ್ಲಿ ಸವರಿದ ಮೇಲೆ, ನೆಲದಿಂದ ಎದ್ದು ನಿಂತಿರುವ ಹೊಸ ಚಿಗುರುಗಳೇ ಮುಂದಿನ ವರ್ಷದ ಆಸ್ತಿ. ಆ ಚಿಗುರುಗಳು ಉದ್ದವಾಗಿ, ಗಟ್ಟಿಯಾಗಿ ಬೆಳೆದು, ಪ್ರತಿ ಎಲೆಯ ಕಂಕುಳಲ್ಲೂ ದಪ್ಪ ಮೊಗ್ಗು ಕಟ್ಟಬೇಕಾದರೆ ಬಿಸಿಲು ಇನ್ನೂ ತೀಕ್ಷ್ಣವಾಗಿರುವ ಆ ವಾರಗಳಲ್ಲಿ ನೀರು ತಪ್ಪಬಾರದು. ಬಾಯಾರಿದ ಪೊದೆ ಅವಧಿಗೆ ಮೊದಲೇ ಎಲೆ ಉದುರಿಸುತ್ತದೆ. ಎಲೆ ಹೋದ ಮೇಲೆ ಮೊಗ್ಗಿಗೆ ಆಹಾರ ಒದಗಿಸುವವರು ಯಾರೂ ಇಲ್ಲ. ಹಣ್ಣು ಕಿತ್ತ ಅದೇ ವಾರ ಒಮ್ಮೆ ಚೆನ್ನಾಗಿ ನೆನೆಸಿ, ಗೊಬ್ಬರವಾದ ಎಲೆಯನ್ನೋ ಹುಲ್ಲನ್ನೋ ಐದಾರು ಸೆಂಟಿಮೀಟರ್ ದಪ್ಪಕ್ಕೆ ಹೊದಿಸಿ, ಕಾಂಡದ ಸುತ್ತ ಸ್ವಲ್ಪ ಜಾಗ ಬಿಟ್ಟರೆ ಮುಂದಿನ ನೀರಿನ ಅಂತರವನ್ನು ಹೆಚ್ಚಿಸಬಹುದು. ಒಣ ನೆಲದ ಮೇಲೆ ಹೊದಿಕೆ ಹಾಕಿದರೆ ಅದು ಒಣಗನ್ನೇ ಕಾಪಾಡುತ್ತದೆ, ಆದ್ದರಿಂದ ಮೊದಲು ನೀರು, ಆಮೇಲೆ ಹೊದಿಕೆ.

ಶರತ್ಕಾಲದಲ್ಲಿ ಮಳೆ ಕೈಕೊಟ್ಟರೆ ಎಲೆ ಉದುರಿದ ಮೇಲೆ, ನೆಲ ಹೆಪ್ಪುಗಟ್ಟುವ ಮುನ್ನ, ಕೊನೆಯದಾಗಿ ಒಂದು ಆಳವಾದ ನೀರು ಕೊಡಬೇಕು. ತೇವವಿರುವ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೇಲ್ಪದರದ ಬೇರುಗಳಿಗೆ ಚಳಿಯ ಹೊಡೆತ ಕಡಿಮೆಯಾಗುತ್ತದೆ. ಅದಾದ ಮೇಲೆ ಹನಿ ಪೈಪುಗಳಲ್ಲಿ ಉಳಿದ ನೀರನ್ನೆಲ್ಲ ಬಸಿದು ಸುತ್ತಿಡಬೇಕು, ಇಲ್ಲವಾದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಪೈಪ್ ಸೀಳಿಬಿಡುತ್ತದೆ.