ಕೆಮ್ಮು ನಿಂತರೂ ಆರು ತಿಂಗಳು ಗುಳಿಗೆ ಯಾಕೆ?

"ಎರಡು ತಿಂಗಳಿಗೇ ಕೆಮ್ಮು ನಿಂತೈತಿ, ಮೈಯಾಗ ತೂಕಾನೂ ಬಂದೈತಿ. ಇನ್ನೂ ನಾಲ್ಕು ತಿಂಗಳು ಗುಳಿಗಿ ಯಾಕ್ರಿ?" ಲಿಂಗಸುಗೂರು, ಕುಷ್ಟಗಿ, ಸಂಡೂರು ಎಲ್ಲೇ ಹೋದರೂ ಟಿಬಿ ಚಿಕಿತ್ಸೆ ಹಿಡಿದವರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ.

ಟಿಬಿ ಬ್ಯಾಕ್ಟೀರಿಯಾ ಮಹಾ ನಿಧಾನಿ. ಒಂದು ಎರಡಾಗಲು ಅದಕ್ಕೆ ಸುಮಾರು 20 ತಾಸು ಬೇಕು. ಬೆಳೆಯುತ್ತಿರುವುದನ್ನು ಔಷಧಿ ಬೇಗ ಕೊಲ್ಲುತ್ತದೆ, ಕೆಮ್ಮು ಇಳಿಯುವುದು ಅದಕ್ಕೇ. ಆದರೆ ಒಂದಷ್ಟು ಬೆಳೆಯದೆ ಸುಮ್ಮನೆ ಬಿದ್ದಿರುತ್ತವೆ, ಎರೆಹೊಲದಲ್ಲಿ ಕರಿಕೆ ಬೇರು ಇದ್ದ ಹಾಗೆ. ಮೇಲಿನ ಹುಲ್ಲು ಕಿತ್ತಾಗ ಹೊಲ ಹಸನಾಗೇ ಕಾಣುತ್ತದೆ, ಮಳೆ ಬಿದ್ದ ಮೇಲೆ ಗೊತ್ತಾಗುತ್ತದೆ. ಬೇರೆ ಔಷಧಿ ಸೇರಿಸಿ ನಾಲ್ಕೇ ತಿಂಗಳಲ್ಲಿ ಮುಗಿಸಲು ನೋಡಿದ ಪ್ರಯೋಗಗಳ ಫಲಿತಾಂಶ 2014ರಲ್ಲಿ ಬಂತು: ಆರು ತಿಂಗಳು ನುಂಗಿದವರಿಗಿಂತ ಇವರಲ್ಲಿ ರೋಗ ಮರುಕಳಿಸಿದವರು ಹೆಚ್ಚು.

ಮೊದಲ ಎರಡು ತಿಂಗಳ ಒಂದೊಂದು ಗುಳಿಗೆಯಲ್ಲೂ ನಾಲ್ಕು ಔಷಧಿ ಇರುತ್ತವೆ: ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬುಟಾಲ್ 275 ಮಿಲಿಗ್ರಾಂ. ಆಮೇಲಿನ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಮೂರು. ಎಷ್ಟು ಗುಳಿಗೆ ಎಂಬುದು ತೂಕದ ಮೇಲೆ: 45 ಕೆ.ಜಿ. ಇದ್ದವರಿಗೆ ದಿನಕ್ಕೆ 3, 60 ಇದ್ದವರಿಗೆ 4. ತೂಕ ಏರಿದಾಗ ಲೆಕ್ಕ ಮತ್ತೆ ನೋಡಿಸಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಂದೇ ಔಷಧಿ ಕೊಟ್ಟರೆ ಸಾಲದು, ಯಾಕೆಂದರೆ ಹತ್ತು ಲಕ್ಷ ಬ್ಯಾಕ್ಟೀರಿಯಾದಲ್ಲಿ ಸುಮಾರು ಒಂದು ಐಸೋನಿಯಾಜಿಡ್‌ಗೆ ಮೊದಲೇ ಜಗ್ಗದಂಥದ್ದು. ಟಿಬಿ ಶ್ವಾಸಕೋಶದಲ್ಲಿ ಕೊರೆದ ಒಂದು ತೂತಿನಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ. ಬಿಟ್ಟು ಬಿಟ್ಟು ನುಂಗಿದರೆ ಉಳಿದು ಬೆಳೆಯುವುದು ಇಂಥವೇ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಮಂಜಾದರೆ, ಕೆಂಪು-ಹಸಿರು ಗುರುತು ತಪ್ಪಿದರೆ, ಕಣ್ಣು ಹಳದಿಯಾಗಿ ವಾಂತಿ ಶುರುವಾದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಿ. ಕುಡಿತ ಬೇಡವೇ ಬೇಡ, ಪೆಟ್ಟು ಬೀಳುವುದು ಲಿವರ್‌ಗೆ. ಗರ್ಭನಿರೋಧಕ ಗುಳಿಗೆಯ ಬಲವನ್ನೂ ರಿಫಾಂಪಿಸಿನ್ ಕುಂದಿಸುತ್ತದೆ. ಇದನ್ನು ಹೆಣ್ಣುಮಕ್ಕಳಿಗೆ ಬಾಯಿಬಿಟ್ಟು ಹೇಳುವವರು ಕಡಿಮೆ. ಗಣಿ, ಕ್ವಾರಿ ದೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಆದವರಿಗೆ ಆರು ತಿಂಗಳೂ ಸಾಲದೆ ವೈದ್ಯರು ಮುಂದುವರಿಸಬಹುದು.

2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಮಂದಿಗೆ ಟಿಬಿ ಬಂತು, ನಾಲ್ಕರಲ್ಲಿ ಒಬ್ಬರು ಭಾರತದವರು. 2015ಕ್ಕೆ ಹೋಲಿಸಿ 2035ರೊಳಗೆ ಟಿಬಿ ಸಾವನ್ನು ಶೇ. 95ರಷ್ಟು ಇಳಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಗುರಿ ದೊಡ್ಡದು, ಆದರೆ ನಮ್ಮ ಕಡೆ ಗುಳಿಗೆ ತಪ್ಪಿಸುವುದು ಬಹಳ ಸಲ ಗುಳೆ. ಊರಲ್ಲಿ ಚಿಕಿತ್ಸೆ ಶುರುವಾಗಿರುತ್ತದೆ, ಮೇಸ್ತ್ರಿ ಕರೆದ ಕೂಡಲೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೊರಡುವ ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ, ನಿಕ್ಷಯ್ ಐಡಿ, ಅಂದರೆ ಟಿಬಿ ರೋಗಿಗೆ ಸರ್ಕಾರ ಕೊಡುವ ನೋಂದಣಿ ನಂಬರು, ಬರೆಸಿಕೊಳ್ಳಿ. ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ನಂಬರಿನ ಮೇಲೆ ಗುಳಿಗೆ ಪುಕ್ಕಟೆ ಸಿಗುತ್ತದೆ. ಊಟಕ್ಕೆಂದು ತಿಂಗಳಿಗೆ ₹1000 ಬರುವುದೂ ಆ ನಂಬರಿನ ಲೆಕ್ಕದಲ್ಲೇ. ದಾರಿಯಲ್ಲಿ ಒಂದು ದಿನದ್ದು ತಪ್ಪಿತೆಂದು ಮರುದಿನ ಎರಡು ದಿನದ್ದು ಸೇರಿಸಿ ನುಂಗಬೇಡಿ, ತಪ್ಪಿದ ದಿನಗಳನ್ನು ಕೊನೆಗೆ ಸೇರಿಸುತ್ತಾರೆ.