ರೈನ್ ನದಿಯ ಎಡದಂಡೆಯವರು

ನಾನು ನೆಲೆಸಿರುವ ಜರ್ಮನಿಯ ಕಲೋನ್ ನಗರದ ಹಳಬರು ರೈನ್ ನದಿಯ ಬಲದಂಡೆಯನ್ನು ಇಂದಿಗೂ ತುಸು ಹೊರಗಿನದೆಂದೇ ಎಣಿಸುತ್ತಾರೆ. ರೋಮನ್ನರ ಕಾಲದಲ್ಲಿ ಅದು ನಿಜವಾಗಿಯೂ ಹೊರಗಿತ್ತು. ಕ್ರಿ.ಶ. 9ರಲ್ಲಿ ರೋಮನ್ ಸೇನಾಪತಿ ವಾರುಸ್‌ನ ಮೂರು ದೊಡ್ಡ ಸೇನಾದಳಗಳು, ಅಂದರೆ ಲೀಜನ್‌ಗಳು ನಾಶವಾದ ಮೇಲೆ ಪೂರ್ವದ ಎಲ್ಬೆ ನದಿಯವರೆಗೆ ಹಬ್ಬುವ ಆಸೆಯನ್ನು ರೋಮ್ ಕೈಬಿಟ್ಟಿತು. ರೈನ್ ನದಿಯೇ ಗಡಿಯಾಗಿ ಉಳಿಯಿತು. ಸುಮಾರು 85ರಲ್ಲಿ ಈ ಎಡದಂಡೆಯ ಸೇನಾಡಳಿತದ ನೆಲ 'ಗೆರ್ಮಾನಿಯಾ ಇನ್ಫೀರಿಯರ್' ಪ್ರಾಂತ್ಯವಾಯಿತು, ಕಲೋನ್ ಅದರ ರಾಜಧಾನಿಯಾಯಿತು.

ಈ ಪ್ರಾಂತ್ಯದ ಚರಿತ್ರೆಯಲ್ಲಿ ಕೋಟೆಗಳಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದಿರುವುದು ಇಲ್ಲಿ ಬೆಳೆದ ನೆಂಟಸ್ತನ. ಊರಿನ ಉಬಿ ಎಂಬ ಜರ್ಮನ್ ಬುಡಕಟ್ಟಿನ ಜನರೂ ಮೂಲತಃ ಬಲದಂಡೆಯವರೇ. ರೋಮನ್ ಸೇನಾನಿ ಅಗ್ರಿಪ್ಪ ಅವರನ್ನು ಈಚೆ ದಂಡೆಗೆ ತಂದು ನೆಲೆಗೊಳಿಸಿದ್ದ. ಅವನ ಮೊಮ್ಮಗಳು, ಚಕ್ರವರ್ತಿ ಕ್ಲಾಡಿಯಸ್‌ನ ಪತ್ನಿ ಅಗ್ರಿಪ್ಪಿನಾ, 50ರಲ್ಲಿ ತಾನು ಹುಟ್ಟಿದ ಈ ಊರಿಗೆ ವಸಾಹತಿನ ಸ್ಥಾನ ಕೊಡಿಸಿ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದಳು.

ಇಪ್ಪತ್ತು ವರ್ಷಗಳ ನಂತರ ಬತಾವಿ ಬುಡಕಟ್ಟಿನವರು ರೋಮ್ ವಿರುದ್ಧ ದಂಗೆ ಎದ್ದಾಗ, ಆಚೆ ದಂಡೆಯ ತೆಂಕ್ತೆರಿ ಬುಡಕಟ್ಟಿನವರು ದೂತರನ್ನು ಕಳುಹಿಸಿ, ದಾಸ್ಯದ ಗುರುತಾದ ಊರಗೋಡೆಯನ್ನು ಕೆಡವಬೇಕೆಂದೂ ಇಲ್ಲಿರುವ ರೋಮನ್ನರನ್ನೆಲ್ಲ ಕೊಲ್ಲಬೇಕೆಂದೂ ಕೇಳಿದರು. ಇಲ್ಲಿಗೆ ಬಂದು ನೆಲೆಸಿದವರೊಡನೆ ನಾವು ಮದುವೆಯ ಸಂಬಂಧ ಬೆಳೆಸಿದ್ದೇವೆ, ಅವರ ಮಕ್ಕಳಿಗೆ ಇದೇ ತಾಯ್ನಾಡು, ಹೆತ್ತವರನ್ನೂ ಒಡಹುಟ್ಟಿದವರನ್ನೂ ಮಕ್ಕಳನ್ನೂ ನಾವೇ ಕೊಲ್ಲಬೇಕೆಂದು ನೀವು ಬಯಸಲಾರಿರಿ ಎಂದು ಊರವರು ಉತ್ತರಿಸಿದರೆಂದು ರೋಮನ್ ಚರಿತ್ರಕಾರ ಟ್ಯಾಸಿಟಸ್ ಬರೆಯುತ್ತಾನೆ. ಗಡಿ ಸುಂಕವನ್ನು ತೆಗೆದುಹಾಕಿ, ಹಗಲಿನಲ್ಲಿ ಆಯುಧವಿಲ್ಲದೆ ನದಿ ದಾಟಿ ಬರಲು ಮಾತ್ರ ಅವರು ಒಪ್ಪಿಗೆ ಕೊಟ್ಟರು. ರೋಮನ್ ಸೇನೆ ಮೇಲುಗೈ ಪಡೆಯುತ್ತಿದ್ದಂತೆ ಅದೇ ಊರವರು ತಮ್ಮ ಮನೆಗಳಲ್ಲಿದ್ದ ಆಚೆ ದಂಡೆಯ ಜರ್ಮನರನ್ನು ಕೊಂದರು ಎಂಬುದನ್ನೂ ಅವನು ಮರೆಮಾಚಿಲ್ಲ.

ಪ್ರಾಚೀನ ಚರಿತ್ರಕಾರರು ಭಾಷಣಗಳನ್ನು ತಾವೇ ರಚಿಸುತ್ತಿದ್ದರಾದ್ದರಿಂದ ಆ ಮಾತುಗಳು ಟ್ಯಾಸಿಟಸ್‌ನವೇ ಇರಬಹುದು. ನೆಂಟಸ್ತನಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಬಾನ್ ನಗರದ ಮಿನ್‌ಸ್ಟರ್ ಚರ್ಚಿನ ಕೆಳಗೆ ಸಿಕ್ಕಿದ, 164ರಲ್ಲಿ ಕೆತ್ತಿದ ಹರಕೆಯ ಕಲ್ಲಿನಲ್ಲಿ 'ಔಫಾನಿಯೇ' ಎಂಬ ಮೂವರು ಮಾತೃದೇವತೆಯರು ಸಾಲಾಗಿ ಕುಳಿತಿದ್ದಾರೆ. ಅಕ್ಕಪಕ್ಕದ ಇಬ್ಬರ ತಲೆಯ ಮೇಲೆ ಉಬಿ ಗೃಹಿಣಿಯರು ತೊಡುತ್ತಿದ್ದ ದೊಡ್ಡ ದುಂಡನೆಯ ಟೋಪಿಯಿದೆ. ನಡುವಿನವಳು ತರುಣಿ, ಅವಳ ಕೂದಲು ಬಿಚ್ಚಿದೆ. ದೇವತೆಯರು ಈ ನೆಲದವರು, ಉಡುಪೂ ಇಲ್ಲಿಯದೇ. ಹರಕೆ ಸಲ್ಲಿಸಿದ ಕ್ವೆಟ್ಟಿಯುಸ್ ಸೆವೆರುಸ್ ಮಾತ್ರ ಲ್ಯಾಟಿನ್ ಹೆಸರಿನವನು, ಕಲೋನ್ ವಸಾಹತಿನ ಖಜಾನೆಯ ಅಧಿಕಾರಿ. ಈ ಕಡೆ ಬರುವವರು ಬಾನ್‌ನ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿ ಇದನ್ನು ತಪ್ಪದೆ ನೋಡಬೇಕು. ಕಲೋನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ.