ಬೆಲ್ಲಕ್ಕೆ ನಿಂಬೆಹಣ್ಣು

1996ರ ಜೂನ್‌ನಲ್ಲಿ ಅಪ್ಪ ನನ್ನನ್ನು ಮಂಡ್ಯದ ಪಕ್ಕದ ನಮ್ಮ ಹಳ್ಳಿಯಿಂದ ಕರ್ಕೊಂಡು ಬಂದು ಮೈಸೂರಿನಲ್ಲಿ ಸೋದರಮಾವನ ಮನೆಗೆ ಬಿಟ್ಟರು. ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಅಲ್ಲಿಯವರೆಗೆ ನನ್ನ ಇಂಗ್ಲಿಷ್ ಅಂದ್ರೆ ಐದನೇ ಕ್ಲಾಸಿಂದ ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ತಿದ್ದಿದ್ದು, ಜೊತೆಗೆ ಬಾಯಿಪಾಠ ಮಾಡಿದ ಒಂದು ರಜಾ ಅರ್ಜಿ. ಆ ಅರ್ಜಿಯಲ್ಲಿ ನನಗೆ ಯಾವಾಗಲೂ ಜ್ವರವೇ. ಹೊಟ್ಟೆನೋವಿಗೆ ಇಂಗ್ಲಿಷ್ ಗೊತ್ತಿರಲಿಲ್ಲ.

ಭಾಷೆಯ ಕಾಟ ನನಗೆ ಇಂಗ್ಲಿಷಿನಿಂದ ಶುರುವಾಗಿದ್ದಲ್ಲ. ನಮ್ಮ ಮನೇಲಿ ಹಕಾರವೇ ಇರಲಿಲ್ಲ. ಹಾಲು ಆಲು, ಹಣ್ಣು ಅಣ್ಣು, ಹುಳಿ ಉಳಿ. ಊರಿನ ಮೇಷ್ಟ್ರು ಬೆತ್ತ ಹಿಡಿದು ಒಂದೊಂದೇ ‘ಹ’ವನ್ನು ನನ್ನ ಬಾಯಿಗೆ ತುರುಕಿದ್ದರು. ಅದನ್ನು ಜೋಪಾನವಾಗಿ ಮೈಸೂರಿಗೆ ತಂದೆ. ಮೊದಲ ವಾರವೇ ಕ್ಲಾಸಲ್ಲಿ ಎದ್ದು ನಿಂತು ‘ಹವರ್’, ‘ಹಾನೆಸ್ಟ್’ ಅಂತ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಅಲ್ಲಿ ಎಚ್ ಬರೀಬೇಕು, ಹೇಳಬಾರದು ಅಂದ್ರು ಮಿಸ್. ಇದಕ್ಕಾ ನಾನು ಅಷ್ಟು ಏಟು ತಿಂದಿದ್ದು?

ಬರೆಯೋದು ಇನ್ನೂ ಕಷ್ಟ. ತಲೇಲಿ ಕನ್ನಡ ಓಡುತ್ತಿತ್ತು, ಕೈ ಅದನ್ನೇ ಇಂಗ್ಲಿಷಿಗೆ ಇಳಿಸುತ್ತಿತ್ತು. ‘ನನಗೆ ಜ್ವರ ಬಂತು’ ಅನ್ನೋದು ‘ಟು ಮಿ ಫೀವರ್ ಕೇಮ್’ ಆಗುತ್ತಿತ್ತು. ನಮ್ಮಲ್ಲಿ ಜ್ವರ, ನಿದ್ದೆ, ಕೋಪ ಎಲ್ಲ ತಾವಾಗೇ ಬರ್ತವೆ, ಅಲ್ವಾ? ಇನ್ನು ಆ ‘ದಿ’. ಕನ್ನಡದಲ್ಲಿ ಅಂಥ ಪದವೇ ಇಲ್ಲ. ಎಲ್ಲಿ ಹಾಕಬೇಕೋ ತಿಳಿಯದೆ ಒಂದೊಂದು ದಿನ ಉಪ್ಪು ಉದುರಿಸಿದ ಹಾಗೆ ಉದುರಿಸುತ್ತಿದ್ದೆ, ಒಂದೊಂದು ದಿನ ಪೂರ್ತಿ ಬಿಟ್ಟೇಬಿಡುತ್ತಿದ್ದೆ.

ದಸರಾ ರಜೆ ಮುಗಿದ ಮೇಲೆ ಪ್ರಬಂಧ ಕೊಟ್ಟರು. ರಜೆಯಲ್ಲಿ ನೋಡಿದ ಜಾಗದ ಬಗ್ಗೆ. ಪಕ್ಕದ ಹುಡುಗ ಊಟಿ ಬರೆದ. ನಾನು ಆಲೆಮನೆ ಬರೆದೆ. ಗಾಣದಲ್ಲಿ ಕಬ್ಬು ಅರೆಯೋದು, ಒಣಗಿದ ಸಿಪ್ಪೇನೇ ಒಲೆಗೆ ತುಂಬೋದು, ಕೊಪ್ಪರಿಗೆಯಲ್ಲಿ ಹಾಲು ಉಕ್ಕೋದು (ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲು ಅಂತಲೇ ಅನ್ನೋದು), ಒಂಚೂರು ಸುಣ್ಣ ಹಾಕಿದಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರೋದು, ಅದನ್ನು ಜಾಲರಿಯಲ್ಲಿ ತೆಗೆಯೋದು. ಪಾಕ ಬಂತಾ ಅಂತ ನೋಡೋಕೆ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರಲ್ಲ, ಅದನ್ನೂ ಬಿಡಲಿಲ್ಲ. ಮಾವನ ಡಿಕ್ಷನರಿಯಲ್ಲಿ ಪಾಕಕ್ಕೆ ‘ಸಿರಪ್’ ಅಂತಿತ್ತು. ಸಿರಪ್ ಅಂದ್ರೆ ನನಗೆ ಕೆಮ್ಮಿನ ಔಷಧಿ. ಆದರೂ ಹಾಕಿದೆ. ಸುಣ್ಣಕ್ಕೆ ‘ಲೈಮ್’ ಅಂತಿತ್ತು. ಅದನ್ನೂ ಹಾಕಿದೆ.

ಶುಕ್ರವಾರ ಪುಸ್ತಕ ವಾಪಸ್ ಬಂತು. ಹಾಳೆ ತುಂಬ ಕೆಂಪು. 10ಕ್ಕೆ 4. ಪ್ರತಿ ಸಾಲಿನ ಮೇಲೂ ಪುಟ್ಟ ಪುಟ್ಟ ‘ದಿ’ಗಳು ಕೂತಿದ್ದವು. ‘ಲೈಮ್’ ಹೊಡೆದು ‘ಲೆಮನ್ ಜ್ಯೂಸ್’ ಅಂತ ತಿದ್ದಿದ್ದರು. ಅವರ ತಪ್ಪು ಅಂತ ಈಗಲೂ ಅನ್ನಿಸಲ್ಲ. ಬೆಲ್ಲವನ್ನು ಅಂಗಡಿಯಿಂದ ತರುವವರಿಗೆ ಲೈಮ್ ಅಂದ್ರೆ ನಿಂಬೆಹಣ್ಣೇ ತಾನೇ.

ಶನಿವಾರ ಅರ್ಧ ದಿನ ಸ್ಕೂಲು ಮುಗಿಸಿ ಪ್ಯಾಸೆಂಜರ್ ರೈಲು ಹತ್ತಿ ಊರಿಗೆ ಹೋದೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿತ್ತು. “ಅದೇನ್ ಬರ್ದಿದ್ದೀಯೋ ಓದ್ಲಾ” ಅಂತು. ತಿದ್ದಿದ್ದನ್ನೇ ಸಾಲು ಸಾಲಾಗಿ ಕನ್ನಡ ಮಾಡಿ ಹೇಳ್ತಾ ಹೋದೆ. ಗಾಣಕ್ಕೆ ತಲೆ ಆಡಿಸ್ತು, ಕೊಪ್ಪರಿಗೆಗೆ ತಲೆ ಆಡಿಸ್ತು. ನಿಂಬೆಹಣ್ಣಿನ ರಸ ಅಂದಿದ್ದೇ ತಡ, ಕೈಯಲ್ಲಿದ್ದ ಕಾಯಿ ಮೊರಕ್ಕೆ ಬಿತ್ತು.

“ನಿಂಬೆಅಣ್ಣಾ? ಕೊಪ್ಪರಿಗೇಗಾ? ಯಾವನ್ಲಾ ಅವ್ನು ಇಂಡ್ದೋನು? ಉಳಿ ಬಿದ್ರೆ ಬೆಲ್ಲ ಕಟ್ಟದಾ? ಅಂಟಂಟಾಯ್ತದೆ!”

ಹುಳಿ ಬಿದ್ದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗಲ್ಲ, ಆ ಹುಳಿ ಮುರಿಯೋಕೇ ಸುಣ್ಣ ಹಾಕೋದು ಅನ್ನೋದನ್ನು ನಾನು ಪಿಯುಸಿ ಕೆಮಿಸ್ಟ್ರಿ ಓದುವಾಗ ತಿಳ್ಕೊಂಡೆ. ಅಜ್ಜಿಗೆ ಅವತ್ತೇ ಗೊತ್ತಿತ್ತು. ನಮ್ಮ ಮಿಸ್ಸಿಗೆ ಗೊತ್ತಿಲ್ಲ ಅಂದಾಗ ಅದಕ್ಕೆ ಪಾಪ ಅನ್ನಿಸ್ತು. “ಒಂದು ಅಚ್ಚು ಬೆಲ್ಲ ತಕಂಡೋಗಿ ಕೊಡು” ಅಂತು.

ಸೋಮವಾರ ಪೇಪರಿನಲ್ಲಿ ಸುತ್ತಿದ ಬೆಲ್ಲ ಮೇಜಿನ ಮೇಲಿಟ್ಟು ನಿಂತೆ. ಇಂಗ್ಲಿಷಿನಲ್ಲಿ ಹೇಳೋಕೆ ಹೋಗಿ ಮಾತು ಅರ್ಧಕ್ಕೇ ನಿಂತಿತು. ಕೊನೆಗೆ “ಲೆಮನ್ ಅಲ್ಲ ಮಿಸ್, ಸುಣ್ಣ” ಅಂದುಬಿಟ್ಟೆ. ಕನ್ನಡ ಮಾತಾಡಿದ್ರೆ ಒಂದು ರೂಪಾಯಿ ದಂಡ ಇತ್ತು. ಹಿಂದಿನ ಬೆಂಚಿಂದ ಯಾರೋ “ಎಲೆ ಅಡಿಕೆಗೆ ಹಾಕ್ತಾರಲ್ಲ ಮಿಸ್, ಅದು” ಅಂದ. ಅವನಿಗೂ ಒಂದು ರೂಪಾಯಿ. ಮಿಸ್ ಒಂದು ಗಳಿಗೆ ನನ್ನ ಮುಖ ನೋಡಿ ಜೋರಾಗಿ ನಕ್ಕರು. ನನ್ನ ಪುಸ್ತಕ ತೆಗೆಸಿ, ತಾವು ತಿದ್ದಿದ್ದನ್ನು ಹೊಡೆದು ಮತ್ತೆ ‘ಲೈಮ್’ ಅಂತ ಬರೆದರು. ದಂಡ ಮರೆತೇಹೋಯಿತು.

ಮಾರ್ಕ್ಸ್ ಮಾತ್ರ ನಾಲ್ಕೇ. ‘ದಿ’ ಹಾಕಿರಲಿಲ್ಲವಲ್ಲ.